ಮನೆ ನೋಡಿದೆವು, ಮೋರಿ ನೋಡಲಿಲ್ಲ

ಮನೆ ಕೊಳ್ಳಲು ಹೊರಟವರು ಏನೇನನ್ನು ನೋಡುತ್ತಾರೆ? ತಲೆಬಾಗಿಲು ಯಾವ ದಿಕ್ಕಿಗಿದೆ, ಪೂಜೆಯ ಕೋಣೆಗೆ ಬೆಳಗಿನ ಬೆಳಕು ಬೀಳುವುದೇ, ತೊಲೆ ಜಂತೆಗಳಿಗೆ ಗೆದ್ದಲು ಹತ್ತಿದೆಯೇ, ಬಾವಿಯಲ್ಲಿ ಬೇಸಿಗೆಯಲ್ಲಿಯೂ ನೀರು ನಿಲ್ಲುವುದೇ, ಕಾಗದಪತ್ರಗಳು ಚೊಕ್ಕಟವಾಗಿವೆಯೇ ಎಂದು ನೋಡುತ್ತಾರೆ. ನಾವೂ ಇಷ್ಟನ್ನು ನೋಡಿದೆವು. 2018ರ ಬೇಸಿಗೆಯಲ್ಲಿ ಯಸಳೂರಿನ ಹಳೆಯ ಹೆಂಚಿನ ಮನೆಯೊಂದನ್ನು ಕೊಂಡಾಗ, ಬುದ್ಧಿವಂತರೆಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ತೋಟದೊಳಗಿನ ಒಂಟಿ ಮನೆಯಲ್ಲಿ ವಯಸ್ಸಾದ ತಾಯಿಯವರನ್ನು ಇಟ್ಟುಕೊಂಡು ಮಳೆಗಾಲ ಕಳೆಯುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿತ್ತು. ಯಸಳೂರಾದರೆ ಹೋಬಳಿಯ ಕೇಂದ್ರ. ಬಸ್ಸು ಬರುತ್ತದೆ, ಅಂಗಡಿಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ತೆಂಕಲಗೂಡು ಬೃಹನ್ಮಠದ ಊರು. ಕೈಲಾಗುವವರೆಗೆ ಮಠಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಇರಬೇಕೆಂಬುದು ತಾಯಿಯವರ ಆಸೆಯಾಗಿತ್ತು.

ಆ ವರ್ಷ ಅಧಿಕ ಜ್ಯೇಷ್ಠಮಾಸ ಬಂದಿತ್ತು. ಅಧಿಕದಲ್ಲಿ ಗೃಹಪ್ರವೇಶ ಬೇಡವೆಂದರು ಹಿರಿಯರು. ಅದು ಕಳೆಯಿತೆನ್ನುವಷ್ಟರಲ್ಲಿ ಮಳೆ, ಮಳೆಯ ಬೆನ್ನಿಗೆ ಆಷಾಢ. ಹೀಗಾಗಿ ಅವಸರವೋ ಅವಸರ. ಏಪ್ರಿಲ್ 18ರಂದು, ಬಸವ ಜಯಂತಿಯ ದಿನವೇ, ಜಂಗಮರ ಪಾದಪೂಜೆ ಮಾಡಿ, ಬಂಧುಗಳಿಗೆ ಪ್ರಸಾದ ಬಡಿಸಿ ಒಳಗೆ ಬಂದೆವು. ನೋಂದಣಿಯ ಕೆಲಸ ಸಕಲೇಶಪುರದಲ್ಲಿ ಅದಕ್ಕೆ ಮೊದಲೇ ಮುಗಿದಿತ್ತು. ಇ-ಸ್ವತ್ತಿನ ನಮೂನೆಗಳು, ಋಣಭಾರ ಪತ್ರ, ಕಂದಾಯದ ರಸೀದಿ ಎಲ್ಲವೂ ಸರಿ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ನಾಲ್ಕು ದಿಕ್ಕುಗಳನ್ನೂ ಬರೆದಿದ್ದರು. ಮನೆಯ ನೀರು ಯಾವ ದಿಕ್ಕಿಗೆ ಹೋಗುತ್ತದೆಂದು ಯಾವ ಪತ್ರದಲ್ಲಿಯೂ ಇರಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ಇದನ್ನು ಕೇಳುವ ವಾಡಿಕೆಯೇ ಇರಲಿಲ್ಲವೆನ್ನಬೇಕು. ಹಿಂದಿನ ಮನೆಗಳಲ್ಲಿ ಬಚ್ಚಲುಮನೆಯೆಂದರೆ ಹಂಡೆ, ಒಲೆ, ಹಾಸುಗಲ್ಲು. ಅದರ ನೀರು ಗೋಡೆಯ ತೂತಿನಿಂದ ಹಿತ್ತಲಿಗೆ ಹರಿದು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಸೇರುತ್ತಿತ್ತು. ಆ ನೀರಿನಲ್ಲಿ ಸೀಗೆಪುಡಿಯ ನೊರೆಗಿಂತ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಉಳಿದ ವಿಚಾರಕ್ಕೆ ತೋಟ ಇತ್ತು. ಮನೆಗೆ ಅಂಟಿದಂತೆ ಪಾಯಿಖಾನೆಗಳು ಬಂದದ್ದು ಆಮೇಲೆ. ಬಂದಾಗ, ಅದಕ್ಕೊಂದು ಗುಂಡಿ ಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಗುಂಡಿಗೊಂದು ಲೆಕ್ಕವಿದೆಯೆಂಬುದು ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. ಪಟ್ಟಣದಲ್ಲಿರುವಂತೆ ಬೀದಿಯ ಕೆಳಗೆ ಒಳಚರಂಡಿ ನಮ್ಮಲ್ಲಿಲ್ಲ. ಪ್ರತಿಯೊಂದು ಮನೆಯೂ ತನ್ನ ಒಳಚರಂಡಿಯನ್ನು ತನ್ನ ಹಿತ್ತಲಲ್ಲಿಯೇ ಹೂತುಕೊಂಡಿರುತ್ತದೆ. ಕೊಂಡವನಿಗೆ ಅದು ಎಲ್ಲಿದೆಯೆಂದು ಮಾರಿದವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೇಸಿಗೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಮಲೆನಾಡಿನಲ್ಲಿ ಮನೆಯನ್ನು ಬೇಸಿಗೆಯಲ್ಲಿ ನೋಡಬಾರದೆಂಬ ಮಾತನ್ನು ನಾವು ಈಗ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇವೆ. ಚೈತ್ರ ವೈಶಾಖಗಳಲ್ಲಿ ಒಣಗಿದ ನೆಲ ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ಅದೇ ನೆಲ ನೆನೆಸಿದ ಬಟ್ಟೆಯಂತಾಗಿ, ಒಂದು ತಂಬಿಗೆ ನೀರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂತರ್ಜಲವೇ ಮೇಲೆದ್ದು ಗುಂಡಿಯೊಳಗೆ ಬರುತ್ತದೆ.

2018ರ ಆಗಸ್ಟ್ ತಿಂಗಳನ್ನು ನಮ್ಮ ಕಡೆಯವರು ಮರೆಯುವಂತಿಲ್ಲ. ಪಕ್ಕದ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಮನೆಗಳು ಹೋದವು. ಶಿರಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ಅಷ್ಟು ದೊಡ್ಡ ಕಷ್ಟದ ಎದುರಿಗೆ ನಮ್ಮದೇನು ದೊಡ್ಡದಲ್ಲ. ಆದರೆ ಮನೆಯೊಳಗೆ ಎಂಬತ್ತು ದಾಟಿದ ತಾಯಿಯವರಿದ್ದರು, ಪಾಯಿಖಾನೆಯಲ್ಲಿ ಹಾಕಿದ ನೀರು ಇಳಿಯದೆ ಅಂಚಿನವರೆಗೆ ಏರಿ ನಿಲ್ಲುತ್ತಿತ್ತು. ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು, ಆಮೇಲೆ ವಾಸನೆ. ಊದುಬತ್ತಿ ಹಚ್ಚಿಟ್ಟು ಲಿಂಗಪೂಜೆಗೆ ಕುಳಿತರೂ ಮನಸ್ಸು ನಿಲ್ಲುತ್ತಿರಲಿಲ್ಲ. ತಾಯಿಯವರು ನಾಚಿಕೆಯಿಂದ ಊಟವನ್ನೇ ಕಡಿಮೆ ಮಾಡಿದರು. ನಮಗೆ ಅದು ಗೊತ್ತಾಗಲು ಒಂದು ವಾರ ಬೇಕಾಯಿತು.

ಒಂದು ರಾತ್ರಿ, ಮಳೆ ಹುಚ್ಚೆದ್ದು ಸುರಿಯುತ್ತಿದ್ದಾಗ, ಹಿತ್ತಲಿನ ಕಡೆ ಏನೋ ಜಾರಿದ ಸದ್ದಾಯಿತು. ಬೆಳಗ್ಗೆ ಎದ್ದು ನೋಡಿದರೆ ಪಾಯಿಖಾನೆಯ ನೀರು ತಾನಾಗಿ ಇಳಿದುಹೋಗಿದೆ! ಒಂದು ಬಕೆಟ್ ನೀರು ಸುರಿದರೆ ಗಟಗಟನೆ ಹೋಯಿತು. ನಾವು ಎಷ್ಟು ಸಂತೋಷಪಟ್ಟೆವೆಂದರೆ, ಅಂದು ಮನೆಯಲ್ಲಿ ಪಾಯಸ ಮಾಡಿದೆವು. ಹೋದ ನೀರು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಈ ಲೇಖನದಲ್ಲಿ ಬರೆಯಲು ನಮಗೆ ಹೆಚ್ಚು ಸಂಕೋಚವಾಗುತ್ತಿರುವುದು ಮಾರಿದವನ ಮೋಸವನ್ನಲ್ಲ, ಆ ಪಾಯಸವನ್ನು.

ನಮ್ಮ ಹಿತ್ತಲಿನ ಆಚೆಗೆ ದರೆ ಇಳಿಯುತ್ತದೆ. ದರೆಯ ಬುಡದಲ್ಲಿ ಒಂದು ಮನೆ, ಅಲ್ಲಿ ಒಬ್ಬರೇ ಅಜ್ಜಿ. ಮಕ್ಕಳು ದೂರದಲ್ಲಿದ್ದಾರೆ. ಕತ್ತಲಿರುವಾಗಲೇ ಎದ್ದು, ಮಿಂದು, ತಮ್ಮ ಬಾವಿಯಿಂದ ಲಿಂಗಪೂಜೆಯ ಅಗ್ಘವಣಿಯನ್ನು ತಾವೇ ಸೇದುವುದು ಅವರು ಮದುವೆಯಾಗಿ ಬಂದ ದಿನದಿಂದ ನಡೆಸಿಕೊಂಡು ಬಂದ ನೇಮ. ಅವರ ರಾಟೆಯ ಕಿರುಗುಟ್ಟುವ ಸದ್ದೇ ನಮಗೂ ಬೆಳಗಿನ ಗಡಿಯಾರವಾಗಿತ್ತು. ಕಾರ್ತಿಕದ ಹೊತ್ತಿಗೆ ಆ ಸದ್ದು ನಿಂತುಹೋಗಿದೆಯೆಂದು ನಮ್ಮ ಶ್ರೀಮತಿಯವರ ಗಮನಕ್ಕೆ ಬಂದಿತು. ಹೋಗಿ ವಿಚಾರಿಸಿದರೆ ಅಜ್ಜಿ ಪಂಚಾಯತಿಯ ನಲ್ಲಿಯಿಂದ ಸಣ್ಣ ಕೊಡದಲ್ಲಿ ನೀರು ತರುತ್ತಿದ್ದರು.

“ನೀರು ಯಾಕೋ ನಾತ ಹೊಡೀತದೆ. ನನ್ನಂಗೇ ಬಾವಿಗೂ ವಯಸ್ಸಾಯ್ತು ಕಣವ್ವ” ಎಂದರಂತೆ.

ಶ್ರೀಮತಿಯವರು ಮನೆಗೆ ಬಂದವರು ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ದಿನ ಬಟ್ಟೆಗೆ ಹಾಕುವ ನೀಲಿಯ ಒಂದು ಬಾಟಲಿಯನ್ನು ಪೂರ್ತಿ ಪಾಯಿಖಾನೆಗೆ ಸುರಿದು, ಮೇಲಿಂದ ಮೇಲೆ ನೀರು ಹಾಕಿದೆವು. ಒಬ್ಬರು ಮೇಲೆ ನಿಂತೆವು, ಒಬ್ಬರು ದರೆಯ ಕೆಳಗೆ ನಿಂತೆವು. ಬಹಳ ಹೊತ್ತು ಏನೂ ಕಾಣಲಿಲ್ಲ. ಇನ್ನು ಹೊರಡೋಣವೆನ್ನುವಾಗ ಜರಿಗಿಡಗಳ ಮರೆಯಿಂದ ಎಳೆಯಾಗಿ, ತಿಳಿ ನೀಲಿಯ ನೀರು ಜಿನುಗಿ, ಕಲ್ಲಿನ ಸಂದಿನಲ್ಲಿ ಇಳಿದು, ಅಜ್ಜಿಯ ಬಾವಿಯ ಬಿರುಕುಬಿಟ್ಟ ಕಟ್ಟೆಯ ಬುಡ ಸೇರಿತು.

ಆಮೇಲೆ ಅಗೆದು ನೋಡಿದಾಗ ಕಥೆಯೆಲ್ಲ ಬಿಚ್ಚಿಕೊಂಡಿತು. ಹಿತ್ತಲಿನ ಹಾಸುಗಲ್ಲುಗಳ ಕೆಳಗೆ ಗುಂಡಿಯಿತ್ತು. ಅದು ತುಂಬಿದಾಗ ಹೊರಗೆ ಹೋಗಲೆಂದು ಹಿಂದೆ ಯಾವಾಗಲೋ ದರೆಯ ಕಡೆಗೆ ನಾಲ್ಕಂಗುಲದ ಕೊಳವೆಯೊಂದನ್ನು ಇಟ್ಟಿದ್ದರು. ಮನೆ ಮಾರುವ ಮುನ್ನ ಅದರ ಬಾಯಿಗೆ ಗೋಣಿಚೀಲ ತುರುಕಿ ಮಣ್ಣು ಮೆತ್ತಿದ್ದರು. ಇದು ಸಾಲದೆಂಬಂತೆ, ಸೂರಿನ ನೀರು ಹಿಡಿಯುವ ತಗಡಿನ ದೋಣಿಯ ಕೊಳವೆಯನ್ನೂ ಅದೇ ಗುಂಡಿಗೆ ಸೇರಿಸಿದ್ದರು. ಅಂಗಳ ಕೊರೆಯದಿರಲೆಂದು ಮಾಡಿದ ಉಪಾಯವಿರಬೇಕು. ನಮ್ಮ ಸೀಮೆಯ ಮಳೆ ಮಾಡಿನ ಮೇಲೆ ಬಿದ್ದದ್ದೆಲ್ಲ ಗುಂಡಿಗೆ ಇಳಿದರೆ ಗುಂಡಿ ಏನು ಮಾಡೀತು? ಆಗಸ್ಟಿನ ಆ ರಾತ್ರಿ ಗೋಣಿಚೀಲ ಕೊಚ್ಚಿಹೋಗಿತ್ತು. ನಮ್ಮ ತೊಂದರೆ ತೀರಿತ್ತು, ಎಂದರೆ ದರೆ ಇಳಿದು ಕೆಳಮನೆಗೆ ಹೋಗಿತ್ತು.

ಅಗೆತದ ದಿನ ನಡೆದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಹಾಸುಗಲ್ಲು ಸರಿಸಿದಾಗ ಗುಂಡಿಯೊಳಗೆ ಎದೆಮಟ್ಟದ ಹೂಳಿತ್ತು. ಕೆಲಸಕ್ಕೆ ಬಂದಿದ್ದ ಹುಡುಗ ತೋಟವೊಂದರ ಲೈನ್ ಮನೆಯಲ್ಲಿದ್ದವನು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. “ಎರಡು ನಿಮಿಷ ಯಜಮಾನ್ರೆ, ಇಳಿದು ಕೊಳವೆ ಬಾಯಿ ನೋಡಿಬಿಡ್ತೀನಿ” ಎಂದು ಅಂಗಿ ಬಿಚ್ಚಿ, ಹಗ್ಗವನ್ನೂ ಕಟ್ಟಿಕೊಳ್ಳದೆ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ. ನಾವು ಸುಮ್ಮನೆ ನೋಡುತ್ತಿದ್ದೆವು. ಆಗಲೆಂದು ತಲೆಯಾಡಿಸಿದ ನೆನಪೂ ಇದೆ. ಜಗಲಿಯ ಮೇಲೆ ಕುಳಿತಿದ್ದ ತಾಯಿಯವರು ಮಾತ್ರ ಎದ್ದು ನಿಂತು, “ಏಯ್, ಮೇಲಕ್ಕೆ ಬಾ ಮಗ! ನಿಮ್ಮವ್ವನಿಗೆ ನಾನೇನು ಹೇಳಲಿ?” ಎಂದು ಕೂಗಿದರು. ಆ ಹುಡುಗ ನಕ್ಕು ಕಾಲು ಮೇಲಕ್ಕೆ ಎಳೆದುಕೊಂಡ. ನಮಗೆ ನಗು ಬರಲಿಲ್ಲ.

ಮುಚ್ಚಿದ ಗುಂಡಿಗಳಲ್ಲಿ ಹೂಳು ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗು ವಾಸನೆಯನ್ನೇ ಹಿಡಿಯಲಾರದು. ವಾಸನೆ ಇಲ್ಲವೆಂದು ಇಳಿದವನು ಒಂದೆರಡು ಉಸಿರಿಗೆ ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ಎಷ್ಟೋ ಕಡೆ ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಹೀಗೆ ಸತ್ತ ಸುದ್ದಿಯನ್ನು ನಾವೇ ಪತ್ರಿಕೆಗಳಲ್ಲಿ ಓದಿ ಪುಟ ತಿರುಗಿಸಿದ್ದೇವೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. 1993ರಲ್ಲಿ ಕೇಂದ್ರದ ಕಾಯಿದೆ ಬಂದಿತು. 2013ರ ಕಾಯಿದೆಯಂತೂ ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದೇ ಅಪರಾಧವೆಂದು ಹೇಳುತ್ತದೆ. ಹಾಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಕಾಯಕದ ಹಿರಿಮೆಯನ್ನು ಬಸವ ಜಯಂತಿಯ ವೇದಿಕೆಗಳಲ್ಲಿ ನಾವೂ ಕೊಂಡಾಡಿದವರೇ. ಅಂಗಳ ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಶರಣೆ ಸತ್ಯಕ್ಕನ ಹೆಸರನ್ನೂ ಹೇಳಿದ್ದೆವು. ಆದರೂ ಆ ಹುಡುಗ ಅಂಚಿನಲ್ಲಿ ಕುಳಿತಾಗ ನಮ್ಮ ಬಾಯಿ ತೆರೆಯಲಿಲ್ಲ. ನಮ್ಮ ಮಗನಾಗಿದ್ದರೆ ಕುಳಿತುಕೊಳ್ಳಲು ಬಿಡುತ್ತಿದ್ದೆವೇ?

ಸಕ್ಕಿಂಗ್ ಯಂತ್ರದ ಗಾಡಿಯನ್ನು ತರಿಸಿ ಹೂಳನ್ನೆಲ್ಲ ಹೀರಿಸಿದೆವು. ಆ ಗಾಡಿ ಅದನ್ನು ಎಲ್ಲಿ ಸುರಿಯುತ್ತದೆಂದು ಈ ಸಲ ಮರೆಯದೆ ಕೇಳಿದೆವು. ಗಾಡಿಯವನು ವಿಚಿತ್ರವಾಗಿ ನೋಡಿದ. ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲವಂತೆ. ಹಳ್ಳಕ್ಕೆ ಬಿಡಕೂಡದೆಂದು ಹೇಳಿ, ಪರಿಚಯದವರ ಪಾಳುಜಮೀನಿನಲ್ಲಿ, ಮನೆ ಬಾವಿಗಳಿಂದ ದೂರದಲ್ಲಿ ಕಂದಕ ತೋಡಿಸಿ, ಸುರಿಸಿ ಮಣ್ಣು ಮುಚ್ಚಿಸಿದೆವು.

ಹೊಸ ಗುಂಡಿಗೆ ಜಾಗ ಹುಡುಕುವುದು ಸುಲಭವಾಗಲಿಲ್ಲ. ಇಂಗುವ ಜಾಗ ಕುಡಿಯುವ ನೀರಿನ ಬಾವಿಯಿಂದ ಕಡಿಮೆಯೆಂದರೆ 18 ಮೀಟರ್, ಎಂದರೆ ಸುಮಾರು 60 ಅಡಿ ದೂರವಿರಬೇಕು, ವಾಸದ ಮನೆಯಿಂದ 6 ಮೀಟರ್ ಇರಬೇಕೆಂಬುದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಹಳೆಯ ಗುಂಡಿ ಅಜ್ಜಿಯ ಬಾವಿಗೆ 45 ಅಡಿಯಷ್ಟು ಮಾತ್ರ ದೂರದಲ್ಲಿ, ಅದೂ ನೇರ ಮೇಲುಗಡೆ ಇತ್ತು. ನೀರು ಮೇಲಕ್ಕೆ ಹತ್ತುವುದಿಲ್ಲ, ಕೆಳಗೆ ಬಾವಿ. ಕೊನೆಗೆ ದರೆಗೆ ಅಡ್ಡಲಾಗಿ, ಮನೆಯ ಪಕ್ಕಕ್ಕೆ ಕೊಳವೆ ಎಳೆದೆವು. ನಾಲ್ಕಂಗುಲದ ಕೊಳವೆಗೆ ಹತ್ತು ಅಡಿಗೆ ಮೂರು ಅಂಗುಲದಷ್ಟು ಇಳಿಜಾರು ಕೊಟ್ಟರು ಮೇಸ್ತ್ರಿ. ಇಳಿಜಾರು ಕಡಿಮೆಯಾದರೆ ಹೂಳು ನಿಲ್ಲುತ್ತದೆ. ತೀರ ಹೆಚ್ಚಾದರೆ ನೀರು ಮಾತ್ರ ಓಡಿ ಉಳಿದದ್ದು ಹಿಂದೆಯೇ ಉಳಿಯುತ್ತದೆ. ತಿರುವಿದ್ದಲ್ಲೆಲ್ಲ ಮುಚ್ಚಳ ತೆಗೆಯುವಂತೆ ಚೇಂಬರು ಕಟ್ಟಿಸಿದೆವು. ಒಂದರ ಬದಲು ಎರಡು ಗುಂಡಿ: ಒಂದು ತುಂಬಿದರೆ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಯಾರೂ ಹೂಳಿಗೆ ಇಳಿಯಬೇಕಿಲ್ಲ. ನಮ್ಮಲ್ಲಿ ಗುಂಡಿ ಆಳವಾದಷ್ಟೂ ಒಳ್ಳೆಯದೆಂದು ತಿಳಿದವರಿದ್ದಾರೆ. ಮಲೆನಾಡಿಗೆ ಅದು ತಪ್ಪು ಲೆಕ್ಕ. ಶ್ರಾವಣದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಏರುತ್ತದೆಂದು ನೋಡಿಕೊಂಡು, ಅದಕ್ಕಿಂತ ಸಾಕಷ್ಟು ಮೇಲೆಯೇ ಗುಂಡಿಯ ತಳ ನಿಲ್ಲಬೇಕು. ನಾವು ಅಗಲ ಹೆಚ್ಚಿಸಿ ಆಳ ತಗ್ಗಿಸಿ, ಸುತ್ತ ಮಣ್ಣೇರಿಸಿ ಮಳೆನೀರು ಒಳಗೆ ಬಾರದಂತೆ ಮಾಡಿಸಿದೆವು. ಸೂರಿನ ನೀರನ್ನು ಬೇರೆ ಕಾಲುವೆಗೆ ಬಿಟ್ಟೆವು. ಇಷ್ಟೆಲ್ಲ 2019ರ ಶಿವರಾತ್ರಿಯೊಳಗೆ ಮುಗಿಯಿತು.

ಮಾರಿದವರಿಗೆ ದೂರವಾಣಿ ಮಾಡಿದ್ದೆವು. “ನೀವು ಕೇಳಲಿಲ್ಲ, ನಾವು ಹೇಳಲಿಲ್ಲ” ಎಂದರು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ದೋಷ ಮಾರುವವನಿಗೆ ತಿಳಿದಿದ್ದರೆ ಅದನ್ನು ಹೇಳಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಲ್ಲಿದೆ ಎಂದರು ವಕೀಲರು. ನಾವು ನ್ಯಾಯಾಲಯಕ್ಕೆ ಹೋಗಲಿಲ್ಲ. ದೊಡ್ಡತನದಿಂದಲ್ಲ. ಸಾಮಾನ್ಯ ಎಚ್ಚರ ನಮಗಿತ್ತೇ ಎಂದು ಎದುರಿನ ವಕೀಲರು ಕೇಳಿದ್ದರೆ ಉತ್ತರವಿರಲಿಲ್ಲ. ಎರಡು ಬಕೆಟ್ ನೀರು ಸುರಿದು, ಹಿತ್ತಲಿನ ಕಲ್ಲೊಂದನ್ನು ಎತ್ತಿ ನೋಡಿದ್ದರೆ ಸಾಕಾಗಿತ್ತು.

ಈ ಕಥೆ ಕೇಳಿದ ಬಂಧುಗಳಲ್ಲಿ ಪಟ್ಟಣದವರು, “ನಮಗೇನು, ಒಳಚರಂಡಿ ಇದೆಯಲ್ಲ” ಎನ್ನುತ್ತಾರೆ. ಇದ್ದರೂ ನೋಡಬೇಕಾದದ್ದಿದೆ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಮೇಲೆ ಬಸವನಗುಡಿ, ಮಲ್ಲೇಶ್ವರಗಳನ್ನು ನಿರ್ಮಿಸಿದಾಗ ಮನೆಗಳ ಹಿಂದೆ ಮಲ ಸಾಗಿಸುವವರಿಗೆಂದೇ ಓಣಿಗಳನ್ನು ಬಿಟ್ಟಿದ್ದರು. ನೆಲದಡಿಯ ಕೊಳವೆಗಳು ಆಮೇಲೆ ಬಂದವು. ಅವುಗಳನ್ನು ನೋಡಿಕೊಳ್ಳುವ ಜಲಮಂಡಳಿ ಸ್ಥಾಪನೆಯಾದದ್ದು 1964ರಲ್ಲಿ. ಹಳೆಯ ಬಡಾವಣೆಗಳಲ್ಲಿ ಸುಟ್ಟ ಮಣ್ಣಿನ ಕೊಳವೆಗಳಿರುತ್ತವೆ. ಅತ್ತಿ, ಆಲದ ಜಾತಿಯ ಮರಗಳ ಬೇರು ಅವುಗಳ ಕೀಲಿನಲ್ಲಿ ನುಗ್ಗಿ ಒಳಗೆಲ್ಲ ಜಡೆಗಟ್ಟುತ್ತದೆ. ಹೊಸ ಬಡಾವಣೆಗಳಲ್ಲಿ ಮನೆಯ ಕೊಳವೆಯನ್ನು ಒಳಚರಂಡಿಗೆ ಸೇರಿಸದೆ ಮಳೆನೀರಿನ ಮೋರಿಗೆ ಬಿಟ್ಟಿರುವುದುಂಟು. ಮನೆಯ ನಲ್ಲಿಗಳನ್ನೆಲ್ಲ ತಿರುಗಿಸಿ, ಬೀದಿಯ ಮ್ಯಾನ್‌ಹೋಲಿನಲ್ಲಿ ಆ ನೀರು ಕಾಣಿಸುತ್ತದೆಯೇ ಎಂದು ಮಂಡಳಿಯವರಿಂದ ಮುಚ್ಚಳ ತೆಗೆಸಿ ನೋಡಬೇಕು. ಒಳಚರಂಡಿ ಸಂಪರ್ಕದ ರಸೀದಿ ಕೇಳಬೇಕು. ಮನೆಯ ನೆಲ ರಸ್ತೆಗಿಂತ ತಗ್ಗಿದ್ದರೆ ಎರಡು ಸಲ ಯೋಚಿಸಬೇಕು. ದೊಡ್ಡ ಮಳೆಗೆ ಬೀದಿಯ ಕೊಳೆಯೆಲ್ಲ ಮೊದಲು ಹಿಂದಿರುಗಿ ಬರುವುದು ಅಂಥ ಮನೆಗೇ.

ಅಜ್ಜಿಗೆ ಹೇಳಿದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇವೆ. ನೀಲಿ ಕಂಡ ದಿನ ಸಂಜೆಯೇ ನಾವಿಬ್ಬರೂ ಹೋದೆವು. ದುರಸ್ತಿ ಮುಗಿದ ಮೇಲೆ ಹೇಳಿದರಾಯಿತು, ಮೊದಲೇ ಹೇಳಿ ಏಕೆ ನೋಯಿಸಬೇಕೆಂದು ಒಂದು ಮನಸ್ಸು ಹೇಳುತ್ತಿತ್ತು. ಅದು ಕೇಳಲು ಎಷ್ಟು ಮಾನವಾಗಿದ್ದರೂ ನಮ್ಮನ್ನು ಉಳಿಸಿಕೊಳ್ಳುವ ಮಾತಷ್ಟೇ ಎಂದು ನಮಗೇ ಗೊತ್ತಿತ್ತು. ಹೇಳಿದೆವು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಕೊರಳ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು, “ನೀವು ನನಗೆ ಹೇಳಿದ್ರಿ. ಅಷ್ಟು ದಿನ ಆ ನೀರನ್ನೇ ಎರೆದೆನಲ್ಲ, ನಾನು ಲಿಂಗಯ್ಯನಿಗೆ ಏನು ಹೇಳಲಿ?” ಎಂದರು. ಪರವಾಗಿಲ್ಲವೆಂದು ಅವರು ಹೇಳಲಿಲ್ಲ. ಹೇಳಬೇಕೆಂದು ನಾವು ಬಯಸುವಂತೆಯೂ ಇರಲಿಲ್ಲ.

ನಮ್ಮ ಬಾವಿ ಮೇಲುಗಡೆಯಿದ್ದುದರಿಂದ ಕೆಟ್ಟಿರಲಿಲ್ಲ. ಮಾರನೆಯ ದಿನದಿಂದ ಬೆಳಗಿನ ಜಾವ ನಮ್ಮ ಶ್ರೀಮತಿಯವರು ಮಿಂದು, ಒಂದು ಕೊಡ ನೀರನ್ನು ಕೆಳಮನೆಯ ಜಗಲಿಗೆ ಮುಟ್ಟಿಸತೊಡಗಿದರು. ಅಜ್ಜಿ ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಬೇಸಿಗೆಯಲ್ಲಿ ಅವರ ಬಾವಿಯ ನೀರನ್ನು ಪೂರ್ತಿ ಹೊರಹಾಕಿಸಿ, ಹೂಳೆತ್ತಿಸಿ, ಕಟ್ಟೆಗೆ ಸಿಮೆಂಟು ಹಾಕಿಸಿ, ಹೊಸ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ ಹಾಕಿಸಿದೆವು. ನೀರು ಪರೀಕ್ಷಿಸುವ ಸಣ್ಣ ಸೀಸೆಯೊಂದಿದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲದ ಸೋಂಕಿದ್ದಲ್ಲಿ ಒಳಗಿನದು ಕಪ್ಪಾಗುತ್ತದೆ. ದುರಸ್ತಿಗೆ ಮೊದಲು ಅದು ಇದ್ದಿಲಿನಷ್ಟು ಕಪ್ಪಾಗಿತ್ತು. 2019ರ ಮಳೆಗಾಲವೂ ಜೋರಾಗಿತ್ತು. ಅದು ಕಳೆದ ಮೇಲೆ ನೋಡಿದಾಗ ಇನ್ನೂ ಮಬ್ಬು. ನೆಲದೊಳಗೆ ಸೇರಿದ್ದು ಒಂದು ವರ್ಷಕ್ಕೆ ತೊಳೆದುಹೋಗಲಿಲ್ಲವೆಂದುಕೊಂಡು ಕೊಡ ಹೊರುವುದನ್ನು ಮುಂದುವರಿಸಿದೆವು.

2020ರ ಕಾರ್ತಿಕದಲ್ಲಿ ಇಟ್ಟ ಸೀಸೆ ಮೂರು ದಿನವಾದರೂ ಬಣ್ಣ ಬದಲಿಸಲಿಲ್ಲ. ಅಜ್ಜಿಗೆ ತೋರಿಸಿದೆವು. ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಏನೂ ಹೇಳದೆ ಹಿಂದಕ್ಕೆ ಕೊಟ್ಟರು. ಅದಾದ ಮೇಲೂ ಎಂಟು ಹತ್ತು ದಿನ ನಮ್ಮ ಕೊಡ ಇಳಿಯುತ್ತಲೇ ಇತ್ತು. ಒಂದು ಬೆಳಗಿನ ಜಾವ ಶ್ರೀಮತಿಯವರು ಕೊಡ ತುಂಬಿಕೊಂಡು ದರೆಯ ಮೆಟ್ಟಿಲು ಇಳಿಯುತ್ತಿರುವಾಗ ಕೆಳಗಡೆಯಿಂದ ರಾಟೆಯ ಸದ್ದು ಕೇಳಿಸಿತು. ಅವರು ಅರ್ಧ ದಾರಿಯಲ್ಲಿ ನಿಂತು, ಕೊಡದ ನೀರನ್ನು ಪಕ್ಕದ ಬಾಳೆಯ ಬುಡಕ್ಕೆ ಸುರಿದು ಹಿಂದಿರುಗಿದರು.